ಅಡೋನಿರಾನ್ ಬಾರ್ಬೋಸಾ ಅವರಿಗೆ ಒಂದು ಸಾಲು ಸಾಲದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬ್ರೆಜಿಲ್ ದೇಶದ ಪ್ರತಿಭಟನೆಯ ಹಾಡುಗಳ ಕುರಿತು ಪ್ರಕಟವಾದ ದೀರ್ಘ ಲೇಖನವನ್ನು ಆಸಕ್ತಿಯಿಂದ ಓದಿದೆ. 1964ರಿಂದ 1985ರವರೆಗೆ ಆ ದೇಶವನ್ನು ಆಳಿದ ಸೇನಾ ಸರ್ಕಾರದ ದಿನಗಳಲ್ಲಿ ಕಯಟಾನೊ ವೆಲೋಸೊ, ಜಿಲ್ಬರ್ಟೊ ಜಿಲ್, ಶಿಕೊ ಬುವಾರ್ಕೆ ಮೊದಲಾದವರು ಎದುರಿಸಿದ ಕಷ್ಟಗಳನ್ನು ಕನ್ನಡದಲ್ಲಿ ಇಷ್ಟು ವಿಸ್ತಾರವಾಗಿ ಓದಲು ಸಿಗುವುದು ಅಪರೂಪ. ಅದಕ್ಕಾಗಿ ಲೇಖಕರಿಗೂ ತಮಗೂ ನಾನು ಋಣಿ. ಆದರೆ ಅದೇ ಲೇಖನ ಸಾವೊ ಪಾಲೊ ನಗರದ ಗೀತಕಾರ, ಗಾಯಕ ಅಡೋನಿರಾನ್ ಬಾರ್ಬೋಸಾ ಅವರನ್ನು ಕಾಲಕ್ಷೇಪದ ಹಾಸ್ಯ ಹಾಡುಗಾರರ ಪಟ್ಟಿಗೆ ಸೇರಿಸಿ ಒಂದೇ ಸಾಲಿನಲ್ಲಿ ಮುಗಿಸಿರುವುದನ್ನು ಒಪ್ಪಲಾಗಲಿಲ್ಲ. ಕೋಪದಿಂದ ಹಾಡಿದವರು ಪ್ರತಿಭಟಿಸಿದರು, ನಗಿಸಿದವರು ಹೊಟ್ಟೆಪಾಡು ನೋಡಿಕೊಂಡರು ಎಂಬ ವಿಂಗಡಣೆ ಅವರ ಮಟ್ಟಿಗೆ ನಿಲ್ಲುವುದಿಲ್ಲ ಎಂಬುದನ್ನು ಅವರ ಬದುಕು ಮತ್ತು ಹಾಡುಗಳನ್ನು ಮುಂದಿಟ್ಟು ಹೇಳುವುದಕ್ಕಾಗಿ ಈ ಪತ್ರ. ಪತ್ರ ಉದ್ದವಾಗಿದೆ; ಕತ್ತರಿಸುವುದು ಅನಿವಾರ್ಯವಾದರೆ ಹಾಡುಗಳ ಭಾಗವನ್ನಾದರೂ ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ವಿಡಂಬನೆಯೆಂದರೆ ಅಧಿಕಾರದಲ್ಲಿರುವವರನ್ನು ಹೆಸರು ಹಿಡಿದು ಕುಟುಕುವುದು ಎಂದು ಲೇಖಕರು ತಿಳಿದಂತಿದೆ. ಅಂಥವರೂ ಬ್ರೆಜಿಲ್‌ನಲ್ಲಿ ಇದ್ದರು. 1938ರಲ್ಲಿ ರಿಯೊ ಡಿ ಜನೈರೊದಲ್ಲಿ ಹುಟ್ಟಿ 2023ರಲ್ಲಿ ಸಾಲ್ವಡಾರ್ ನಗರದಲ್ಲಿ ತೀರಿಕೊಂಡ ಜೂಕಾ ಶಾವಿಸ್, ಅಧ್ಯಕ್ಷ ಜುಸೆಲಿನೊ ಕುಬಿಚೆಕ್ ಅವರ ಷೋಕಿಯನ್ನೂ, ಬ್ರಿಟನ್ನಿನಿಂದ ಹಳೆಯ ವಿಮಾನವಾಹಕ ಹಡಗೊಂದನ್ನು ಕೊಂಡು ಬೀಗಿದ ನೌಕಾಪಡೆಯನ್ನೂ ಹಾಡಿನಲ್ಲಿಯೇ ಲೇವಡಿ ಮಾಡಿದರು. ತಮ್ಮ ಉದ್ದ ಮೂಗನ್ನೂ ಅವರು ಬಿಡಲಿಲ್ಲ. 1960ರ ದಶಕದಲ್ಲಿ ಕೆಲವು ವರ್ಷಗಳನ್ನು ಅವರು ಪೋರ್ಚುಗಲ್ ಮತ್ತು ಇಟಲಿಯಲ್ಲಿ ಕಳೆಯಬೇಕಾಯಿತು. ಲೇಖನದಲ್ಲಿ ಅವರ ಹೆಸರೂ ಇಲ್ಲ ಎಂಬುದು ಬೇರೆ ಮಾತು. ಬಾರ್ಬೋಸಾ ಈ ಜಾತಿಯವರಲ್ಲ. ಅವರ ಹಾಡುಗಳಲ್ಲಿ ಅಧ್ಯಕ್ಷರಿಲ್ಲ, ಸೇನಾಧಿಕಾರಿಗಳಿಲ್ಲ. ಗುಡಿಸಲು ಕಳೆದುಕೊಂಡವನು, ಕೊನೆಯ ರೈಲು ತಪ್ಪೀತೆಂದು ಚಡಪಡಿಸುವವನು, ಕೂಟಕ್ಕೆ ಕರೆದವನ ಮನೆಗೆ ಹೋಗಿ ಬೀಗ ನೋಡಿ ಬಂದವನು, ಇಂಥವರೇ ಅಲ್ಲಿ ಮಾತನಾಡುತ್ತಾರೆ, ಅದೂ ಬಹಳ ಮರ್ಯಾದೆಯಿಂದ.

ಅಡೋನಿರಾನ್ ಬಾರ್ಬೋಸಾ ಎಂಬುದು ಅವರ ಹುಟ್ಟುಹೆಸರಲ್ಲ. ಇಟಲಿಯ ವೆನಿಸ್ ಸೀಮೆಯ ಕವಾರ್ಜೆರೆ ಎಂಬ ಊರಿನಿಂದ ವಲಸೆ ಬಂದ ಬಡ ದಂಪತಿಗೆ ಸಾವೊ ಪಾಲೊ ರಾಜ್ಯದ ವಲಿನ್ಯೋಸ್‌ನಲ್ಲಿ ಹುಟ್ಟಿದ ಈ ಮಗನಿಗೆ ಇಟ್ಟ ಹೆಸರು ಜೊವಾವ್ ರುಬಿನಾತೊ. ದಾಖಲೆಯ ಪ್ರಕಾರ ಹುಟ್ಟಿದ ದಿನ 1910ರ ಆಗಸ್ಟ್ 6. ನಿಜವಾಗಿ ಹುಟ್ಟಿದ್ದು 1912ರಲ್ಲಿ, ಎಳೆಯ ಹುಡುಗನನ್ನು ದುಡಿಮೆಗೆ ಹಚ್ಚುವ ಸಲುವಾಗಿ ಎರಡು ವರ್ಷ ಕೂಡಿಸಿ ಬರೆಸಿದರು ಎಂದು ಅವರ ಬದುಕಿನ ಬಗ್ಗೆ ಬರೆದವರಲ್ಲಿ ಅನೇಕರು ಹೇಳುತ್ತಾರೆ. ಶಾಲೆ ಬೇಗನೆ ಬಿಟ್ಟುಹೋಯಿತು. ಕುಟುಂಬ ಜುಂಡಿಯಾಯಿ ಎಂಬ ಊರಿಗೆ ಬಂದಾಗ ರೈಲಿಗೆ ಸರಕು ತುಂಬುವುದು, ಮನೆಮನೆಗೆ ಊಟದ ಡಬ್ಬಿ ತಲುಪಿಸುವುದು ಹುಡುಗನ ಕೆಲಸವಾಯಿತು. ಆ ಡಬ್ಬಿಗಳಲ್ಲಿ ಎಂಟು ಕರಿದ ಉಂಡೆಗಳಿದ್ದರೆ ತನಗೆ ಎರಡು, ನಾಲ್ಕಿದ್ದರೆ ಒಂದು, ಎರಡೇ ಇದ್ದರೂ ಒಂದು ಎಂಬ ಲೆಕ್ಕದಲ್ಲಿ ದಾರಿಯಲ್ಲೇ ಹಸಿವು ತೀರಿಸಿಕೊಳ್ಳುತ್ತಿದ್ದನೆಂಬ ಕತೆ ಪ್ರಸಿದ್ಧವಾಗಿದೆ. ಡಬ್ಬಿ ಎಷ್ಟು ಬರಿದಾದರೂ ಹೊರುವವನ ಪಾಲು ಇಳಿಯದ, ಕೊನೆಗೆ ಏರುವ ಈ ಗಣಿತದಲ್ಲಿ ಮುಂದಿನ ವಿಡಂಬನಕಾರ ಆಗಲೇ ಕಾಣಿಸುತ್ತಾನೆ.

ಸಾಂತೊ ಆಂದ್ರೆ ಎಂಬ ಕೈಗಾರಿಕಾ ಊರಿಗೆ, ಅಲ್ಲಿಂದ ಸಾವೊ ಪಾಲೊ ನಗರಕ್ಕೆ ಬರುವಷ್ಟರಲ್ಲಿ ಅವರು ನೇಯ್ಗೆ, ಬಣ್ಣ ಬಳಿಯುವುದು, ಕೊಳಾಯಿ ಕೆಲಸ, ಲೋಹದ ಕೆಲಸ, ದೊಡ್ಡವರ ಮನೆಯಲ್ಲಿ ಊಟ ಬಡಿಸುವುದು, ಅಂಗಡಿಯ ವ್ಯಾಪಾರ ಎಲ್ಲವನ್ನೂ ಮಾಡಿ ನೋಡಿದ್ದರು. ಈ ಪಟ್ಟಿಯನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ಮುಂದೆ ಅವರ ಹಾಡುಗಳಲ್ಲಿ ಬರುವ ಗಾರೆಯವರು, ಕೂಲಿಗಳು, ಕೆಲಸವಿಲ್ಲದೆ ಅಲೆಯುವವರು ಯಾರೂ ದೂರದಿಂದ ಕಂಡವರಲ್ಲ ಎಂಬುದಕ್ಕೆ ಇದು ಸಾಕ್ಷಿ. 1930ರ ದಶಕದಲ್ಲಿ ರೇಡಿಯೊ ಕೇಂದ್ರಗಳು ಹೊಸಬರಿಗಾಗಿ ನಡೆಸುತ್ತಿದ್ದ ಸ್ಪರ್ಧೆಗಳಲ್ಲಿ ಹಾಡಲು ಹೋಗಿ ಗಂಟೆ ಬಾರಿಸಿ ಇಳಿಸಿದ ಅನುಭವವೂ ಅವರಿಗಾಯಿತು. ಆ ಕಾಲಕ್ಕೆ ಬೇಕಾಗಿದ್ದ ಇಂಪಾದ ಕಂಠ ಅವರದಾಗಿರಲಿಲ್ಲ. ರುಬಿನಾತೊ ಎಂಬ ಇಟಾಲಿಯನ್ ಮನೆತನದ ಹೆಸರು ಬ್ರೆಜಿಲ್‌ನ ಜನಪ್ರಿಯ ಹಾಡು-ಕುಣಿತದ ಪ್ರಕಾರವಾದ ಸಾಂಬಾ ಹಾಡುವವನಿಗೆ ಒಪ್ಪದೆಂದು ಗೆಳೆಯನೊಬ್ಬನಿಂದ ಅಡೋನಿರಾನ್ ಎಂಬುದನ್ನೂ, ತಾವು ಮೆಚ್ಚಿದ ಸಾಂಬಾ ಗಾಯಕ ಲೂಯಿಸ್ ಬಾರ್ಬೋಸಾ ಅವರಿಂದ ಕೊನೆಯ ಹೆಸರನ್ನೂ ಎರವಲು ಪಡೆದರು. 1935ರಲ್ಲಿ ಸಾವೊ ಪಾಲೊ ನಗರಾಡಳಿತದ ಕಾರ್ನಿವಲ್ ಗೀತಸ್ಪರ್ಧೆಯಲ್ಲಿ ಅವರ ಹಾಡಿಗೆ ಬಹುಮಾನವೂ ಬಂತು. ಆದರೆ ಅವರನ್ನು ಮನೆಮಾತಾಗಿಸಿದ್ದು ಹಾಡುಗಾರಿಕೆಯಲ್ಲ, ರೇಡಿಯೊ ನಾಟಕದ ಹಾಸ್ಯ.

1941ರಲ್ಲಿ ಅವರು ಸೇರಿದ ರೇಡಿಯೊ ರೆಕಾರ್ಡ್ ಕೇಂದ್ರದಲ್ಲಿಯೇ 1972ರಲ್ಲಿ ನಿವೃತ್ತರಾಗುವವರೆಗೆ ಇದ್ದರು. ಮೂರು ದಶಕಗಳ ಈ ಅವಧಿಯಲ್ಲಿ ಅವರು ಮೈಕಿನ ಮುಂದೆ ಕಟ್ಟಿದ ಪಾತ್ರಗಳು ಒಂದೆರಡಲ್ಲ: ಇಟಾಲಿಯನ್ ಧಾಟಿಯಲ್ಲಿ ಗೊಣಗುವ ಟ್ಯಾಕ್ಸಿ ಚಾಲಕ, ಕಂತಿನಲ್ಲಿ ಸಾಮಾನು ಮಾರುವ ಯಹೂದಿ ವ್ಯಾಪಾರಿ, ಫ್ರೆಂಚ್ ಚಲನಚಿತ್ರದ ನಾಯಕನೆಂದು ಬೀಗುವವ, ಇಂಗ್ಲಿಷ್ ಮೇಷ್ಟ್ರು, ತರಗತಿಯನ್ನು ಹಾಳು ಮಾಡುವ ತುಂಟ ಹುಡುಗ. ಇವರೆಲ್ಲರಿಗಿಂತ ಹೆಚ್ಚು ಕಾಲ ಬಾಳಿದವನು ಶರುತಿನ್ಯೊ. ರೇಡಿಯೊ ಬರಹಗಾರ ಒಸ್ವಾಲ್ಡೊ ಮೊಲೆಸ್ ಕೊಳೆಗೇರಿಯ ಜೀವನವನ್ನು ಆಧರಿಸಿ 1955ರಿಂದ ಬರೆದ ಸರಣಿಯಲ್ಲಿ ಈ ಶರುತಿನ್ಯೊ ದುಡಿಯಲೊಲ್ಲದ, ಆದರೂ ಎಂದೂ ಗೆಲ್ಲಲಾಗದ ಪುಂಡ. ಹತ್ತು ವರ್ಷ ಜನ ಅವನಿಗಾಗಿ ರೇಡಿಯೊ ಸುತ್ತ ಕೂತರು. ಹಾಡಿನ ಬಾರ್ಬೋಸಾ ಅವರನ್ನು ತಿಳಿಯಬೇಕಾದರೆ ಈ ನಟನನ್ನು ಮರೆಯುವಂತಿಲ್ಲ. ಒಬ್ಬ ಮನುಷ್ಯ ಎಲ್ಲಿ ಮಾತು ನುಂಗುತ್ತಾನೆ, ಎಲ್ಲಿ ದೊಡ್ಡ ಪದವೊಂದನ್ನು ಎತ್ತಿಕೊಂಡು ಎಡವುತ್ತಾನೆ, ಅವಮಾನವಾದಾಗ ಯಾವ ಸ್ವರದಲ್ಲಿ ಸಮಜಾಯಿಷಿ ಹೇಳುತ್ತಾನೆ ಎಂಬುದನ್ನು ಅವರು ದಿನಗೂಲಿಯಂತೆ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದರು. ಅವರು ಓದುಬರಹ ಬಾರದ ಮುಗ್ಧ ಜನಕವಿ, ಬಾಯಿಗೆ ಬಂದಂತೆ ಹಾಡಿದರು, ಅದೇ ಚೆನ್ನಾಗಿತ್ತು ಎಂಬ ಮೆಚ್ಚುಗೆ ಬ್ರೆಜಿಲ್‌ನಲ್ಲಿಯೂ ಸಾಕಷ್ಟು ಕೇಳಿಬಂದಿದೆ. ನನಗೆ ಅದು ನಿಂದೆಯಷ್ಟೇ ತಪ್ಪೆನಿಸುತ್ತದೆ. ಅವರ ಹಾಡಿನ ಒಂದೊಂದು ವ್ಯಾಕರಣದೋಷವೂ ಆರಿಸಿ ಇಟ್ಟದ್ದು.

ಆ ದೋಷಗಳ ಹಿಂದಿನ ಊರನ್ನು ಸ್ವಲ್ಪ ವಿವರಿಸಬೇಕು. ಸಾವೊ ಪಾಲೊದ ಬ್ರಾಸ್, ಬಿಶಿಗಾ ಮೊದಲಾದ ಬಡಾವಣೆಗಳಲ್ಲಿ ಇಟಲಿಯಿಂದ ಬಂದ ಕಾರ್ಮಿಕರು, ಗುಲಾಮಗಿರಿಯಿಂದ ಬಿಡುಗಡೆಗೊಂಡ ಕಪ್ಪು ಜನರ ಮಕ್ಕಳು, ಒಳನಾಡಿನ ಹಳ್ಳಿಗರು ಅಕ್ಕಪಕ್ಕದಲ್ಲಿ ಬಾಳಿದರು. ಅವರ ನಡುವೆ ಹುಟ್ಟಿದ ಪೋರ್ಚುಗೀಸ್ ಶಾಲೆಯ ಪುಸ್ತಕದ್ದಲ್ಲ. ಬಹುವಚನಗಳು ಉದುರಿಹೋಗುತ್ತವೆ, ಕ್ರಿಯಾಪದಗಳು ಕರ್ತೃವಿನ ಮಾತು ಕೇಳುವುದಿಲ್ಲ, ಎರ್ನೆಸ್ಟೊ ಎಂಬ ಹೆಸರು ಆರ್ನೆಸ್ಟೊ ಆಗುತ್ತದೆ. ಜಿ.ಪಿ. ರಾಜರತ್ನಂ ಅವರ ರತ್ನನ ಮಾತನ್ನು ಕಾವ್ಯವೆಂದೇ ಓದಿ ಬೆಳೆದ ಕನ್ನಡಿಗರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಆರ್ನೆಸ್ಟೊನ ಹಾಡನ್ನೇ ನೋಡಿ. ಬ್ರಾಸ್‌ನಲ್ಲಿರುವ ಗೆಳೆಯ ಸಾಂಬಾ ಕೂಟಕ್ಕೆ ಕರೆದ. ಹೋದರೆ ಮನೆಯಲ್ಲಿ ಯಾರೂ ಇಲ್ಲ. ಕೆಂಡದಂಥ ಕೋಪದಿಂದ ಮರಳಿದ್ದಾಯಿತು. ಮರುದಿನ ಅವನು ಕ್ಷಮೆ ಕೇಳಿದರೂ ಇವರು ಒಪ್ಪುತ್ತಿಲ್ಲ. ಬಾಗಿಲಿಗೆ ಒಂದು ಚೀಟಿಯನ್ನಾದರೂ ಅಂಟಿಸಿ ಹೋಗಬೇಕಾಗಿತ್ತು ಎಂಬುದು ಇವರ ತಕರಾರು. ಇಷ್ಟೇ ಕತೆ. ಆದರೆ ಶಿಷ್ಟಾಚಾರದ ಬಗ್ಗೆ ಇಷ್ಟೊಂದು ಸೂಕ್ಷ್ಮವಾಗಿ ನೊಂದುಕೊಳ್ಳುತ್ತಿರುವವರು ಸಮಾಜ ಯಾವ ಶಿಷ್ಟಾಚಾರವನ್ನೂ ತೋರಿಸದ ಬಡವರು ಎಂಬುದು ಕೇಳುಗರಿಗೆ ಹೊಳೆದಾಗ ನಗೆಯ ಗುರಿ ಬದಲಾಗುತ್ತದೆ.

ಬಾರ್ಬೋಸಾ ಅವರ ಕಾಲದ ಸಾವೊ ಪಾಲೊ ತನ್ನನ್ನು ತಾನೇ ಕೆಡವಿ ಕಟ್ಟಿಕೊಳ್ಳುತ್ತಿದ್ದ ನಗರ. 1940ರಲ್ಲಿ ಸುಮಾರು 13 ಲಕ್ಷವಿದ್ದ ಜನಸಂಖ್ಯೆ 1950ಕ್ಕೆ 22 ಲಕ್ಷವಾಗಿ, 1960ರ ಹೊತ್ತಿಗೆ 38 ಲಕ್ಷದ ಹತ್ತಿರ ಬಂತು. ಮೇಯರ್ ಪ್ರೆಸ್ಟಿಸ್ ಮಾಯಾ ಅವರ ಹೆದ್ದಾರಿ ಯೋಜನೆ ಹಳೆಯ ನಗರದ ನಡುವೆ ಅಗಲ ರಸ್ತೆಗಳನ್ನು ಕೊರೆಯಿತು. 1942ರ ಬಾಡಿಗೆದಾರರ ಕಾನೂನು ಬಾಡಿಗೆಯನ್ನು ಅಲ್ಲಲ್ಲೇ ನಿಲ್ಲಿಸಿಬಿಟ್ಟದ್ದರಿಂದ, ಬಾಡಿಗೆ ಏರಿಸಲಾಗದ ಮಾಲೀಕರಿಗೆ ಹಳೆಯ ಮನೆಯಿಂದ ಜನರನ್ನು ಎಬ್ಬಿಸಿ ಆ ಜಾಗದಲ್ಲಿ ಎತ್ತರದ ಕಟ್ಟಡ ಕಟ್ಟುವುದೇ ಲಾಭದ ದಾರಿಯಾಗಿ ಕಂಡಿತು. ಬಡವರನ್ನು ಕಾಯಲು ತಂದ ಕಾನೂನೇ ಅವರನ್ನು ಬೀದಿಗೆ ತಳ್ಳಿದ ಈ ವಿಪರ್ಯಾಸವನ್ನು ಅರ್ಥಶಾಸ್ತ್ರಜ್ಞರು ಆಮೇಲೆ ವಿವರಿಸಿದ್ದಾರೆ. ಹಾಡಿನಲ್ಲಿ ಅದು 1951ರಲ್ಲೇ ಬಂದಿತ್ತು.

'ಸೌಡೋಸಾ ಮಲೋಕಾ', ಅಂದರೆ ನೆನಪಿನ ಗುಡಿಸಲು ಎಂಬ ಆ ಹಾಡನ್ನು ಬಾರ್ಬೋಸಾ ಆ ವರ್ಷ ತಾವೇ ಹಾಡಿ ಮುದ್ರಿಸಿದಾಗ ಯಾರೂ ಗಮನಿಸಲಿಲ್ಲ. 1955ರಲ್ಲಿ ಡೆಮೋನಿಯೊಸ್ ಡ ಗರೋವಾ ಎಂಬ ತಂಡ ಅದನ್ನು ಹಾಡಿದ ಮೇಲೆ ಊರೆಲ್ಲ ಹಾಡಿತು. ಈಗ ಎತ್ತರದ ಕಟ್ಟಡ ನಿಂತಿರುವ ಜಾಗದಲ್ಲಿ ಹಿಂದೆ ಒಂದು ಪಾಳುಮನೆ ಇತ್ತು, ತಾನೂ ಮಾಟೊ ಗ್ರೊಸ್ಸೊ ಮತ್ತು ಜೋಕಾ ಎಂಬ ಗೆಳೆಯರೂ ಅಲ್ಲಿಯೇ ಸೂರು ಮಾಡಿಕೊಂಡಿದ್ದೆವು ಎಂದು ಹಾಡಿನ ನಿರೂಪಕ ದಾರಿಹೋಕನೊಬ್ಬನೊಡನೆ ಹೇಳಿಕೊಳ್ಳುತ್ತಾನೆ. ಒಂದು ದಿನ ಮಾಲೀಕನ ಅಪ್ಪಣೆಯಂತೆ ಕೆಡವುವವರು ಸಲಕರಣೆಗಳೊಂದಿಗೆ ಬಂದರು. ಮೂವರೂ ಸಾಮಾನು ಎತ್ತಿಕೊಂಡು ಬೀದಿಯ ನಡುವೆ ನಿಂತು ನೋಡಿದರು. ಉರುಳುವ ಒಂದೊಂದು ಹಲಗೆಗೂ ಎದೆ ನೊಂದಿತು. ಮಾಟೊ ಗ್ರೊಸ್ಸೊ ಕೂಗಾಡಲು ಹೊರಟಾಗ ನಿರೂಪಕ ಅವನನ್ನು ತಡೆದು, ಅವರ ಕಡೆ ನ್ಯಾಯವಿದೆ, ನಾವು ಬೇರೆ ಜಾಗ ನೋಡಿಕೊಳ್ಳೋಣ ಎನ್ನುತ್ತಾನೆ. ಹೊದಿಕೆ ಎಷ್ಟಿದೆಯೋ ದೇವರು ಚಳಿಯನ್ನೂ ಅಷ್ಟೇ ಕೊಡುತ್ತಾನೆ ಎಂದು ಜೋಕಾ ಹೇಳಿದ ಮೇಲೆ ಎಲ್ಲರೂ ಸುಮ್ಮನಾಗುತ್ತಾರೆ.

ಇದನ್ನು ಶರಣಾಗತಿಯ ಹಾಡು ಎಂದು ಓದುವವರು ಇದ್ದಾರು. ತಮ್ಮ ಲೇಖಕರು ಬಾರ್ಬೋಸಾ ಅವರನ್ನು ಕೈಬಿಟ್ಟದ್ದಕ್ಕೂ ಬಹುಶಃ ಇದೇ ಕಾರಣ: ಇಲ್ಲಿ ಯಾರೂ ಮುಷ್ಟಿ ಎತ್ತುವುದಿಲ್ಲ. ನಾನು ಇದನ್ನು ಹಾಗೆ ಕೇಳಲಾರೆ. ನೆಲೆ ಕಳೆದುಕೊಂಡವನ ಬಾಯಲ್ಲಿ ಮಾಲೀಕನ ಹಕ್ಕಿನ ಸಮರ್ಥನೆಯನ್ನು ಇಡುವುದು ಎಂದರೆ, ಆ ಹಕ್ಕು ಎಷ್ಟು ನಿರ್ದಯವಾದುದು ಎಂಬುದನ್ನು ಕೇಳುಗರೇ ಲೆಕ್ಕ ಹಾಕಲಿ ಎಂದು ಬಿಡುವುದು. ಚಳಿ ಮತ್ತು ಹೊದಿಕೆಯ ಮಾತನ್ನು ಹೇಳುತ್ತಿರುವವನ ಹತ್ತಿರ ಹೊದಿಕೆಯೇ ಇಲ್ಲ. ನಿರೂಪಕ ಕೂಗಿದ್ದರೆ ಕೇಳುಗ ಅವನ ಪರವಾಗಿ ಕೋಪಗೊಂಡು ಹಗುರಾಗಬಹುದಿತ್ತು. ಅವನು ಕ್ಷಮಿಸಿಬಿಟ್ಟದ್ದರಿಂದ ಆ ಕೋಪ ಕೇಳುಗನ ಹತ್ತಿರವೇ ಉಳಿಯುತ್ತದೆ. ಡೆಮೋನಿಯೊಸ್ ತಂಡ ಹಾಡಿನ ನಡುವೆ ಸೇರಿಸುತ್ತಿದ್ದ ಅರ್ಥವಿಲ್ಲದ ತಮಾಷೆಯ ಸ್ವರಪುಂಜಗಳು ಈ ನೋವಿನ ಮೇಲೆ ಕಾರ್ನಿವಲ್‌ನ ಬಣ್ಣ ಬಳಿದವು. ಬಾರ್ಬೋಸಾ ತಾವೇ ಒರಟು ದನಿಯಲ್ಲಿ ಹಾಡಿದ ಮುದ್ರಿಕೆ ಹೆಚ್ಚು ನಿಧಾನ, ಹೆಚ್ಚು ಕಹಿ. ನನಗೆ ಅದೇ ಇಷ್ಟ.

1956ರ 'ಇರಸೇಮಾ' ಈ ವಿಧಾನವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಮದುವೆಗೆ ಇಪ್ಪತ್ತು ದಿನವಿರುವಾಗ ಸಾವೊ ಜೊವಾವ್ ಹೆದ್ದಾರಿಯನ್ನು ದಾಟಲು ಹೋಗಿ ಕಾರಿಗೆ ಸಿಕ್ಕು ಸತ್ತ ಹುಡುಗಿಯನ್ನು ಅವಳ ವರ ನೆನೆಯುತ್ತಾನೆ. ಚಾಲಕನದು ತಪ್ಪಿಲ್ಲ, ನೀನೇ ನೋಡದೆ ದಾಟಿದೆ ಎಂದು ಸತ್ತವಳಿಗೇ ಹೇಳುತ್ತಾನೆ. ಅವನ ಬಳಿ ಉಳಿದಿರುವುದು ಅವಳ ಕಾಲುಚೀಲ ಮತ್ತು ಷೂ. ಅವಳ ಫೋಟೊ ಕಳೆದುಹೋಗಿದೆ. ನಗಬೇಕೋ ಬೇಡವೋ ತಿಳಿಯದೆ ಕೇಳುಗ ಒದ್ದಾಡುತ್ತಾನೆ. ಮನುಷ್ಯರ ನಡಿಗೆಗೆ ಹೊಂದದ ವೇಗದಲ್ಲಿ ರಸ್ತೆ ಕಟ್ಟಿದ ನಗರಕ್ಕೆ ಸತ್ತವಳೇ ಅಪರಾಧಿ ಎಂಬುದನ್ನು ಅವಳನ್ನು ಪ್ರೀತಿಸಿದವನಿಂದಲೇ ಹೇಳಿಸುವ ಈ ಬಗೆಯನ್ನು ಕಾಲಕ್ಷೇಪ ಎನ್ನಲು ನನಗೆ ಮನಸ್ಸು ಬಾರದು.

ಹೊರದೇಶಗಳಿಗೂ ತಲುಪಿದ್ದು 1964ರ 'ಟ್ರೆಂ ದಾಸ್ ಒಂಜೆ', ಅಂದರೆ ರಾತ್ರಿ ಹನ್ನೊಂದರ ರೈಲಿನ ಹಾಡು. ತಾನು ಜಸನಾ ಎಂಬ ದೂರದ ಬಡಾವಣೆಯವನು, ಈ ರೈಲು ತಪ್ಪಿದರೆ ನಾಳೆ ಬೆಳಿಗ್ಗೆಯೇ ಗತಿ, ತಾನು ಬರುವವರೆಗೆ ತಾಯಿ ಮಲಗುವುದಿಲ್ಲ, ತಾನೊಬ್ಬನೇ ಮಗ ಎಂದು ಪ್ರೇಮಿ ತನ್ನ ಹುಡುಗಿಗೆ ಒಂದರ ಮೇಲೊಂದು ಕಾರಣ ಕೊಡುತ್ತಾ ಎದ್ದು ಹೊರಡುತ್ತಾನೆ. ಬಾರ್ಬೋಸಾ ಎಂದೂ ಜಸನಾದಲ್ಲಿ ಬಾಳಿದವರಲ್ಲ; ಪ್ರಾಸಕ್ಕೆ ಒದಗಿತೆಂದು ಆರಿಸಿದ ಹೆಸರದು. ಆ ಬಡಾವಣೆಯನ್ನು ನಗರಕ್ಕೆ ಜೋಡಿಸಿದ್ದ ಕಂತರೇರಾ ಮಾರ್ಗದ ಪುಟ್ಟ ರೈಲು ನೀರು ಸರಬರಾಜಿನ ಕಾಮಗಾರಿಗೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿ, ಹಾಡು ಬಂದ ಮರುವರ್ಷ, 1965ರಲ್ಲಿ ನಿಂತುಹೋಯಿತು. ಅದೇ 1965ರಲ್ಲಿ ರಿಯೊ ನಗರದ ಕಾರ್ನಿವಲ್ ಗೀತಸ್ಪರ್ಧೆಯಲ್ಲಿ ಈ ಹಾಡಿಗೆ ಬಹುಮಾನ ಬಂತು, ಮರುವರ್ಷ ಇಟಾಲಿಯನ್ ಭಾಷೆಯಲ್ಲಿಯೂ ಹಾಡಾಯಿತು. ಸಾವೊ ಪಾಲೊ ಸಾಂಬಾದ ಗೋರಿ ಎಂದು ಕವಿ ವಿನಿಸಿಯಸ್ ಡಿ ಮೊರಾಯಿಸ್ ಒಮ್ಮೆ ಆಡಿದ ಮಾತು ಬಹಳ ಪ್ರಸಿದ್ಧ. ಸಾಂಬಾದ ತವರೆಂದು ಬೀಗುವ ರಿಯೊದಲ್ಲೇ ಆ ಗೋರಿಯ ಹಾಡೊಂದು ಗೆದ್ದದ್ದು ಸಾವೊ ಪಾಲೊದವರಿಗೆ ಎಷ್ಟು ಖುಷಿ ಕೊಟ್ಟಿರಬೇಕು! ಇದೇ ವಿನಿಸಿಯಸ್ ಅವರ ಪದ್ಯವೊಂದಕ್ಕೆ ಬಾರ್ಬೋಸಾ ರಾಗ ಹಾಕಿದ್ದೂ ಉಂಟು.

ಇನ್ನು ಸೇನಾ ಸರ್ಕಾರದ ಮಾತು. 1968ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳನ್ನು ಮೊಟಕುಗೊಳಿಸಿದ ಐದನೆಯ ಸಾಂಸ್ಥಿಕ ಶಾಸನ ಹೊರಬಿದ್ದ ಮೇಲೆ ಪ್ರತಿಯೊಂದು ಹಾಡಿನ ಸಾಹಿತ್ಯವೂ ಸೆನ್ಸಾರ್ ಮಂಡಳಿಯ ಮೇಜು ದಾಟಿಯೇ ಬರಬೇಕಾಗಿತ್ತು ಎಂಬುದನ್ನು ತಮ್ಮ ಲೇಖನವೇ ಹೇಳಿದೆ. ಅದರಲ್ಲಿ ಬಾರದ ಸಂಗತಿಯೆಂದರೆ, 1973ರಲ್ಲಿ ಆ ಮೇಜು ಬಾರ್ಬೋಸಾ ಅವರ ಹಲವು ಹಾಡುಗಳನ್ನೂ ತಡೆಹಿಡಿಯಿತು. ಕಾರಣ ರಾಜಕೀಯವಲ್ಲ, ಅಭಿರುಚಿಯ ಕೊರತೆ. ಮೊಲೆಸ್ ಅವರೊಂದಿಗೆ 1960ರಲ್ಲಿ ಬರೆದಿದ್ದ 'ಟಿರೊ ಆವ್ ಆಲ್ವರೊ' ಎಂಬ ಹಾಡಿನ ಹಾಳೆಯಲ್ಲಿ ಹಲಗೆ, ಮೋಟಾರು, ರಿವಾಲ್ವರ್ ಎಂಬ ಪದಗಳ ಬೀದಿಯ ಉಚ್ಚಾರಗಳಿಗೆ ಅಧಿಕಾರಿ ಗುರುತು ಹಾಕಿ, ಅಭಿರುಚಿಹೀನತೆಯ ಕಾರಣ ಅನುಮತಿ ಸಾಧ್ಯವಿಲ್ಲ ಎಂದು ಬರೆದರು. ಆರ್ನೆಸ್ಟೊನ ಹಾಡಿಗೂ ಅದೇ ಗತಿ, ಅದೂ ದೇಶವೆಲ್ಲ ಹದಿನೆಂಟು ವರ್ಷಗಳಿಂದ ಹಾಡಿಕೊಂಡು ಬಂದ ಮೇಲೆ. ಪದಗಳನ್ನು ತಿದ್ದಿ ಶಿಷ್ಟ ಪೋರ್ಚುಗೀಸ್‌ನಲ್ಲಿ ಬರೆಯುವುದಕ್ಕೆ ಬಾರ್ಬೋಸಾ ಒಪ್ಪಲಿಲ್ಲ. ಆಲ್ವರೊನ ಹಾಡನ್ನು ಅವರು ಮುದ್ರಿಸಿದ್ದು ಹಿಡಿತ ಸಡಿಲವಾದ ಮೇಲೆ, 1980ರಲ್ಲಿ, ಗಾಯಕಿ ಎಲಿಸ್ ರೆಜಿನಾ ಅವರ ಜೊತೆಗೂಡಿ.

ವ್ಯಾಕರಣದ ಹೆಸರಿನಲ್ಲಿ ನಡೆದ ಈ ನಿಷೇಧವನ್ನು ಅಧಿಕಾರಿಗಳ ಮೂರ್ಖತನವೆಂದು ನಕ್ಕು ಬಿಡುವುದು ಸುಲಭ. ನನಗೆ ಆ ಅಧಿಕಾರಿಗಳು ತಮಗೇ ಅರಿವಿಲ್ಲದೆ ಸರಿಯಾದ ಜಾಗದಲ್ಲಿಯೇ ಗುರುತು ಹಾಕಿದರು ಎನಿಸುತ್ತದೆ. ಪ್ರಗತಿಯ ಭೇರಿ ಬಾರಿಸುತ್ತಿದ್ದ, ಆರ್ಥಿಕ ಪವಾಡ ನಡೆದಿದೆ ಎಂದು ಸಾರುತ್ತಿದ್ದ ಸರ್ಕಾರಕ್ಕೆ ತನ್ನ ಪ್ರಜೆಗಳು ಹೀಗೆ ಮಾತನಾಡುತ್ತಾರೆ, ಇಂಥ ಸೂರಿನಡಿ ಮಲಗುತ್ತಾರೆ ಎಂಬುದೇ ಒಪ್ಪಿಗೆಯಾಗದ ಸುದ್ದಿಯಾಗಿತ್ತು. ಹಾಡಿನಲ್ಲಿ ಸರ್ಕಾರದ ಹೆಸರಿಲ್ಲದಿದ್ದರೂ ಆ ಸುದ್ದಿ ಇತ್ತು.

ಅಷ್ಟು ಖ್ಯಾತಿಯಿದ್ದೂ ಬಾರ್ಬೋಸಾ ಅವರ ಪೂರ್ತಿ ಧ್ವನಿಮುದ್ರಿಕೆ, ಅಂದರೆ ಮೊದಲ ಎಲ್‌ಪಿ ಹೊರಬಂದದ್ದು 1974ರಲ್ಲಿ, ಅವರಿಗೆ ಅರವತ್ತು ದಾಟಿದ ಮೇಲೆ, ಎರಡನೆಯದು ಮರುವರ್ಷ. ಆ ಎರಡನೆಯದರ ಹಿಂಬದಿಗೆ ದೇಶದ ಹಿರಿಯ ಸಾಹಿತ್ಯ ವಿಮರ್ಶಕ ಆಂಟೋನಿಯೊ ಕ್ಯಾಂಡಿಡೊ ಮೆಚ್ಚುಗೆಯ ಟಿಪ್ಪಣಿ ಬರೆದುಕೊಟ್ಟರು. ಮೂರನೆಯದು 1980ರಲ್ಲಿ ಬಂತು, ಗೌರವಾರ್ಥವಾಗಿ ಹಾಡಲು ದೊಡ್ಡ ಗಾಯಕರು ಸಾಲುಗಟ್ಟಿದರು. ನಡುವೆ ಸಿನಿಮಾ ಉಂಟು, 1953ರ 'ಓ ಕಂಗಸೇರೊ' ಚಿತ್ರದಲ್ಲಿ ಅವರದೊಂದು ಪಾತ್ರವಿತ್ತು, ಟಿ.ವಿ. ಧಾರಾವಾಹಿಗಳು ಉಂಟು. ಬಿಯರ್ ಜಾಹೀರಾತೊಂದರಲ್ಲಿ, ನಾವಿಲ್ಲಿ ಬಂದದ್ದು ಕುಡಿಯುವುದಕ್ಕೋ ಹರಟುವುದಕ್ಕೋ ಎಂದು ಅವರು ಕೇಳುವ ಮಾತು 1970ರ ದಶಕದಲ್ಲಿ ಊರಿನ ಗಾದೆಯಾಯಿತು. ಹೊಸ ತಲೆಮಾರಿಗೆ ಅವರ ಮುಖ ಪರಿಚಯವಾದದ್ದು ಹಾಡಿಗಿಂತ ಹೆಚ್ಚಾಗಿ ಇದರಿಂದ ಎಂದರೆ ಅತಿಶಯವಲ್ಲ. ಟೋಪಿ, ಬೋ ಟೈ, ಸಣ್ಣ ಮೀಸೆಯ ಆ ವೇಷವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಮನೆಯಲ್ಲಿ ಗುಜರಿ ಸಾಮಾನಿನಿಂದ ಪುಟ್ಟ ರೈಲು, ಜಾತ್ರೆಯ ತಿರುಗುವ ತೊಟ್ಟಿಲು ಮುಂತಾದ ಆಟಿಕೆಗಳನ್ನು ಮಾಡುವುದು ಅವರ ಹವ್ಯಾಸವಾಗಿತ್ತು. ಶ್ವಾಸಕೋಶದ ಕಾಯಿಲೆಯಿಂದ ನರಳಿ 1982ರ ನವೆಂಬರ್ 23ರಂದು ತೀರಿಕೊಂಡರು. ಅವರೊಡನೆ ಹಾಡಿದ ಎಲಿಸ್ ರೆಜಿನಾ ಅದೇ ವರ್ಷದ ಜನವರಿಯಲ್ಲಿ ಮೂವತ್ತಾರನೆಯ ವಯಸ್ಸಿಗೆ ಹೋಗಿಬಿಟ್ಟಿದ್ದರು.

ಅವರನ್ನು ಪ್ರಶ್ನಾತೀತರೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಯಹೂದಿ ವ್ಯಾಪಾರಿಯನ್ನೂ, ಕಪ್ಪು ಜನರ ಕೇರಿಯ ಸೋಮಾರಿಯನ್ನೂ ಬಿಳಿಯ ವಲಸಿಗನ ಮಗನೊಬ್ಬ ರೇಡಿಯೊದಲ್ಲಿ ಅಣಕಿಸಿದ್ದನ್ನು ಇಂದು ಕೇಳಿದರೆ ಕೆಲವೆಡೆ ಮುಜುಗರವಾಗದೆ ಇರದು, ಮತ್ತು ಆ ನಗೆಯೆಲ್ಲ ಅನುಕಂಪದ ನಗೆಯಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಕೆಲವು ಹಾಡುಗಳಲ್ಲಿ ಹೆಂಗಸರ ಬಗ್ಗೆ ಬರುವ ಮಾತುಗಳೂ ಆ ಕಾಲದ ಗಂಡಸರ ಹರಟೆಯನ್ನು ಮೀರುವುದಿಲ್ಲ. ಆದರೆ ರೇಡಿಯೊದ ಅಣಕದಿಂದ ಹಾಡಿಗೆ ಬರುವಾಗ ಅವರಲ್ಲಿ ಒಂದು ಬದಲಾವಣೆ ಆಗಿದೆ: ಅಲ್ಲಿ ಪಾತ್ರವನ್ನು ಕಂಡು ನಗುತ್ತಿದ್ದ ಕೇಳುಗ, ಇಲ್ಲಿ ಪಾತ್ರದ ಜೊತೆ ನಿಂತು ಮನೆ ಕೆಡವುವುದನ್ನು ನೋಡಬೇಕಾಗುತ್ತದೆ. ನಗಿಸುವವರ ಸಾಧನೆಯನ್ನು ಅಳೆಯಲು ಈ ಅಂತರವನ್ನು ಗಮನಿಸುವುದು ಅವಶ್ಯ. ಲೇಖನ ಅದನ್ನು ಗಮನಿಸಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಪ್ರತಿಭಟನೆಗೆ ನೇರ ಸಾಕ್ಷಿಯೇ ಬೇಕೆಂದು ಲೇಖಕರು ಕೇಳಿದರೆ 1969ರ 'ಡೆಸ್ಪೇಜೊ ನ ಫವೇಲಾ' ಹಾಡನ್ನು ಸೂಚಿಸುತ್ತೇನೆ. ಐದನೆಯ ಸಾಂಸ್ಥಿಕ ಶಾಸನ ಬಂದ ಮರುವರ್ಷದ್ದು ಇದು, ಕಯಟಾನೊ ಮತ್ತು ಜಿಲ್ ದೇಶ ಬಿಟ್ಟು ಹೋದ ವರ್ಷದ್ದು. ನ್ಯಾಯಾಲಯದ ನೌಕರನೊಬ್ಬ ತನಗೇ ಇಷ್ಟವಿಲ್ಲದಿದ್ದರೂ ಕೊಳೆಗೇರಿಗೆ ಬಂದು ತೆರವಿನ ಆದೇಶ ಕೊಡುತ್ತಾನೆ: ಹತ್ತು ದಿನದೊಳಗೆ ಕೇರಿ ಖಾಲಿಯಾಗಬೇಕು, ಗುಡಿಸಲುಗಳೆಲ್ಲ ನೆಲಸಮವಾಗಬೇಕು, ಇದು ಮೇಲಿನ ಅಪ್ಪಣೆ. ನಿರೂಪಕ ಎಂದಿನ ವಿನಯದಿಂದ, ಆಗಲಿ ಸ್ವಾಮಿ, ಬುಲ್ಡೋಜರಿನ ಗದ್ದಲ ಕೇಳುವ ಮೊದಲೇ ನಾಳೆ ಹೊರಡುತ್ತೇನೆ, ನನಗೇನೂ ತೊಂದರೆಯಿಲ್ಲ, ನನ್ನ ಸಾಮಾನೆಲ್ಲ ಹಿಂದಿನ ಜೇಬಿನಲ್ಲಿ ಹಿಡಿಯುತ್ತದೆ ಎನ್ನುತ್ತಾನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾನೆ: ಆದರೆ ಇಲ್ಲಿರುವ ಈ ಜನ, ಅವರೇನು ಮಾಡಬೇಕು? ಹಾಡು ಉತ್ತರ ಕೊಡುವುದಿಲ್ಲ.

ತಾವು ಲೇಖನದ ಮುಂದಿನ ಕಂತನ್ನು ಪ್ರಕಟಿಸುವುದಾಗಿ ತಿಳಿಸಿದ್ದೀರಿ. ಅದರಲ್ಲಿ ಬಾರ್ಬೋಸಾ ಅವರಿಗೆ ಒಂದು ಪುಟವನ್ನೂ, ಸಾಧ್ಯವಾದರೆ ಜೂಕಾ ಶಾವಿಸ್ ಅವರಿಗೆ ಅರ್ಧ ಪುಟವನ್ನೂ ಕೊಡಬೇಕೆಂದು ವಿನಂತಿಸುತ್ತೇನೆ. ಬಾರ್ಬೋಸಾ ಅವರನ್ನು ಕೇಳಲು ಬಯಸುವ ಓದುಗರು ತಂಡಗಳ ಜನಪ್ರಿಯ ಮುದ್ರಿಕೆಗಳಿಗಿಂತ ಮೊದಲು ಅವರೇ ಹಾಡಿರುವ 1974 ಮತ್ತು 1975ರ ಎರಡು ಧ್ವನಿಮುದ್ರಿಕೆಗಳಿಂದ ಆರಂಭಿಸುವುದು ಒಳ್ಳೆಯದು ಎಂಬ ಸೂಚನೆಯನ್ನೂ ಲೇಖಕರು ಸೇರಿಸಬಹುದು.

ಇಂತಿ,
ತಮ್ಮ ಬಹುಕಾಲದ ಓದುಗ,
ಧಾರವಾಡ